ಗಂಟೆ ಗುರುತಿನ ಕಂಬ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಯಸ್ಸಾದ ಮೇಲೆ ಕಡಿಮೆಯಾಗಿದೆ ಎಂದು ಮನೆಯವರು ಹೇಳುತ್ತಾರೆ, ಆದರೆ ನನ್ನೆದುರಿಗೆ ಮಾತ್ರ. ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ನಮ್ಮ ಬೀಜದ ಅಂಗಡಿಗೆ ಕಂಪ್ಯೂಟರು ಬಂದಾಗ ಆ ಸಿಟ್ಟಿನ ಪಕ್ಕದಲ್ಲಿ ಜಂಬವೂ ಬಂದು ಕೂತಿತು. ಶಿವಮೊಗ್ಗದಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದಿದ್ದೆ. ಕಂಪ್ಯೂಟರು ಬೇಕೇ ಬೇಕು ಎಂದು ಅಪ್ಪನ ತಲೆ ತಿಂದು, ಕೊನೆಗೆ ಯಾರೋ ಬಳಸಿ ಬಿಟ್ಟಿದ್ದ ಒಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆವು. ಅಮ್ಮ ಅದಕ್ಕೆ ಕಸೂತಿ ಹಾಕಿದ ಹೊದಿಕೆ ಹೊಲಿದಳು. ಅಂಗಡಿಗೆ ಬಂದವರೆಲ್ಲ ಮೊದಲು ಹೊದಿಕೆಯನ್ನು ಹೊಗಳುತ್ತಿದ್ದರು, ಆಮೇಲೆ ಕಂಪ್ಯೂಟರನ್ನು. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಅಪ್ಪನದು ಬಿತ್ತನೆ ಭತ್ತದ ವ್ಯಾಪಾರ. ಪ್ಯಾಕೆಟ್ಟಿನ ಬೀಜವನ್ನೂ ಇಡುತ್ತಿದ್ದ, ಆದರೆ ಅಂಗಡಿಗೆ ಹೆಸರು ಬಂದದ್ದು ರೈತರ ಮನೆಗಳಿಂದ ತರಿಸಿ, ಪರೀಕ್ಷೆ ಮಾಡಿ ಮಾರುತ್ತಿದ್ದ ಬೀಜದಿಂದ. ಬೇಸಿಗೆ ಮುಗಿಯುವ ಹೊತ್ತಿಗೆ ಏಳು ಮನೆಗಳ ಭತ್ತ ಪರೀಕ್ಷೆಗೆ ಬರುತ್ತಿತ್ತು. ಪರೀಕ್ಷೆ ಎಂದರೆ ದೊಡ್ಡದೇನಲ್ಲ. ಒಂದೊಂದು ಮನೆಯ ನೂರು ಕಾಳನ್ನು ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿ, ಚಾಪೆಯ ಹಾಗೆ ಸುರುಳಿ ಸುತ್ತಿ, ಹಿಂದಿನ ಕೋಣೆಯಲ್ಲಿ ನಿಲ್ಲಿಸಿ, ದಿನವೂ ನೀರು ಚಿಮುಕಿಸುವುದು. ವಾರ ಕಳೆದ ಮೇಲೆ ಬಿಚ್ಚಿ, ನೂರರಲ್ಲಿ ಎಷ್ಟು ಮೊಳೆತಿವೆ ಎಂದು ಎಣಿಸುವುದು. ಎಂಬತ್ತೈದು ದಾಟಿದರೆ ಆ ಮನೆಯ ಭತ್ತ ಅಪ್ಪನ ಪಟ್ಟಿಗೆ ಸೇರಿತು. ದಾಟದಿದ್ದರೆ ಚೀಲ ಬಂದ ದಾರಿಯಲ್ಲೇ ವಾಪಸು.

ಚೀಲಗಳ ಮೇಲೆ ಹೆಸರು ಇರುತ್ತಿರಲಿಲ್ಲ. ಒಂದೊಂದು ಊರಿನಲ್ಲಿ ಒಂದೇ ಹೆಸರಿನವರು ಹತ್ತು ಜನ ಇದ್ದಾಗ ಹೆಸರು ಬರೆದು ಏನು ಪ್ರಯೋಜನ? ಅದಕ್ಕೆ ಮನೆಗೊಂದು ಗುರುತು. ಮರದ ಅಚ್ಚನ್ನು ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಚೀಲಕ್ಕೆ ಒತ್ತುತ್ತಿದ್ದರು. ಈಸೂರಿನ ಹಿರಿಯರೊಬ್ಬರದು ಸೂರ್ಯ. ನಮ್ಮ ಮನೆಯ ಗದ್ದೆಯದು ನಕ್ಷತ್ರ. ಪೇಟೆಯ ಆಚೆಗೆ ಹೊಲವಿದ್ದ ಒಬ್ಬರದು ಏಣಿ. ಸೊರಬದ ಕಡೆಯ ಉಳವಿಯಿಂದ ಬರುತ್ತಿದ್ದ ಐವತ್ತರ ಹೆಂಗಸೊಬ್ಬರದು ಎತ್ತಿನ ಕೊರಳಿನ ಗಂಟೆ. ಅಂಗಡಿಯಲ್ಲಿ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ: ಸೂರ್ಯದವರು, ಏಣಿಯವರು, ಗಂಟೆಯಮ್ಮ. ಈಗಲೂ ಅವರ ನಿಜವಾದ ಹೆಸರು ಕೇಳಿದರೆ ನನಗೆ ತಟ್ಟನೆ ಹೇಳಲು ಬರುವುದಿಲ್ಲ.

ಆ ವರ್ಷ ಪರೀಕ್ಷೆಗೆ ಭತ್ತ ತಂದವರಲ್ಲಿ ಗಂಟೆಯಮ್ಮನೇ ಕೊನೆಯವರು. ಉಳವಿಯಿಂದ ಸೊರಬ, ಸೊರಬದಿಂದ ಶಿಕಾರಿಪುರ, ಎರಡು ಬಸ್ಸು ಹತ್ತಿ ಇಳಿಯಬೇಕು. ಅವರ ಹಿಂದೆ ಯಜಮಾನರು, ತಲೆಯ ಮೇಲೆ ಗಂಟು. ಆ ಮನುಷ್ಯನ ಬಾಯಲ್ಲಿ ಮಾತೇ ಇರಲಿಲ್ಲ. ಕೂರಿ ಎಂದರೆ ಕೂತರು, ಚಹಾ ಕೊಟ್ಟರೆ ಕುಡಿದರು. ಭತ್ತ ಅಳೆದು ಕೊಡುವಾಗ ಮಾತ್ರ ಅವರ ದನಿ ಕೇಳಿತು. "ಲಾಭ," ಎಂದು ಮೊದಲ ಸೇರು ಸುರಿದರು, "ಎರಡು," ಎಂದು ಎರಡನೆಯದು. ನಮ್ಮ ಕಡೆ ಹಳಬರು ಧಾನ್ಯ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

ಮಾತೆಲ್ಲ ಹೆಂಡತಿಯದೇ. ಅಪ್ಪ ಒಳಗೆ ಹೋದಾಗ ಗಂಟೆಯಮ್ಮ ನನ್ನ ಹತ್ತಿರ ಸರಿದು ಕೂತರು.

"ಎರಡು ವರ್ಷದ ಕೆಳಗೆ ನಮ್ಮ ಚೀಲ ವಾಪಸ್ ಕಳ್ಸಿದ್ರಲ್ಲ, ನೆನಪಿದ್ಯಾ ಮಾರಾಯ್ತಿ?" ಎಂದರು.

ನೆನಪಿತ್ತು. ಚೀಲ ದಾರಿಯಲ್ಲಿ ಎಲ್ಲೋ ನೆಂದಿತ್ತು. ನೂರರಲ್ಲಿ ಅರ್ಧದಷ್ಟೂ ಮೊಳೆತಿರಲಿಲ್ಲ.

"ಆ ಚೀಲ ಸೊರಬದ ಬಸ್ ಸ್ಟ್ಯಾಂಡಲ್ಲಿ ಇಳಿಸಿದ್ದನ್ನ ನಮ್ಮೂರೋರು ಕಂಡ್ರು. ನಮ್ಮತ್ತೆ ಕಾಲದಿಂದ್ಲೂ ಬಿತ್ತನೆ ಹತ್ರ ಬಂತು ಅಂದ್ರೆ ನಮ್ಮನೆ ಬಾಗ್ಲಿಗೆ ಬೀಜ ಕೇಳ್ಕೊಂಡು ಜನ ಬರೋರು. ಬತ್ತಕ್ಕೆ ಬತ್ತ ಕೊಟ್ಟು ತಗೊಂಡು ಹೋಗೋರು. ಈಗ ಎರಡು ವರ್ಷ ಆತು, ಒಬ್ರೂ ಕೇಳಕ್ಕೆ ಬರಲ್ಲ. ಅವರ ಬತ್ತ ಮೊಳೆಯಲ್ಲ ಅಂತಾರೆ. ಈ ಸಲ ನಿಮ್ಮಪ್ಪನ ಪಟ್ಟೀಲಿ ನಮ್ಮ ಗಂಟೆ ಬಂದ್ರೆ ಸಾಕು."

ಬೀಜ ಕೇಳಲು ಜನ ಬಾಗಿಲಿಗೆ ಬರುವುದು ರೈತರ ಮನೆಗೆ ಎಂಥ ಮರ್ಯಾದೆ ಎಂಬುದು ಅಂಗಡಿಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಬಂದೇ ಬರುತ್ತದೆ ಬಿಡಿ ಎಂದೆ. ಹಾಗೆ ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಸುರುಳಿಗಳು ಒಳಗೆ ಮೊಳೆಯುತ್ತಿದ್ದ ವಾರದಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ಪ್ರತಿ ವರ್ಷ ಅಪ್ಪ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ. ಈ ಸಲ ಎಕ್ಸೆಲ್‌ನಲ್ಲಿ ಚಾರ್ಟು ಮಾಡಿ ಅಂಗಡಿಯ ಜಗುಲಿಗೆ ಅಂಟಿಸುತ್ತೇನೆ ಎಂದು ಹಟ ಹಿಡಿದೆ. ಎಣಿಕೆ ಇನ್ನೂ ಆಗಿರಲಿಲ್ಲವಾದ್ದರಿಂದ ಏಳೂ ಮನೆಗೆ ಸುಮ್ಮನೆ ನೂರು ನೂರು ಎಂದು ತುಂಬಿದೆ. ಪರದೆಯ ಮೇಲೆ ಒಂದೇ ಎತ್ತರದ ಏಳು ಕಂಬಗಳು ಎದ್ದು ನಿಂತವು. ಅವುಗಳ ನೆತ್ತಿಯ ಮೇಲೆ ಡೇಟಾ ಲೇಬಲ್ ಬರುವ ಹಾಗೆ ಮಾಡಿದೆ. ಏಳು ಕಡೆಯೂ ನೂರು, ಪಕ್ಕದಲ್ಲಿ ಶೇಕಡಾ ಚಿಹ್ನೆ. ನೋಡಲು ಚೆನ್ನಾಗಿತ್ತು, ಆದರೆ ಯಾರ ಕಂಬ ಯಾವುದು ಎಂದು ಹೇಳುವುದು ಹೇಗೆ? ಆ ಯಂತ್ರದಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಓದುವವಳು ನಾನೊಬ್ಬಳೇ.

ಏನಾದರೂ ಆಗಲಿ ಎಂದು ಲೇಬಲ್ಲುಗಳ ಅಕ್ಷರದ ಶೈಲಿಯನ್ನು ಒಂದೊಂದಾಗಿ ಬದಲಿಸುತ್ತ ಹೋದೆ. ಪಟ್ಟಿಯ ಕೊನೆಯ ಹತ್ತಿರ ಒಂದು ಫಾಂಟ್ ಒತ್ತಿದ್ದೇ ತಡ, ಅಂಕಿಗಳೆಲ್ಲ ಮಾಯವಾಗಿ ಅಲ್ಲಿ ಕಡತದ ಚಿತ್ರಗಳು ಬಂದವು, ಶೇಕಡಾ ಚಿಹ್ನೆ ಇದ್ದಲ್ಲೆಲ್ಲ ಪುಟ್ಟ ಗಂಟೆ. ಏಳು ಕಂಬಗಳ ಮೇಲೆ ಏಳು ಗಂಟೆ. ಯಂತ್ರ ಕೆಟ್ಟಿತು ಎಂದು ಒಂದು ಗಳಿಗೆ ಹೆದರಿದೆ. ಆಮೇಲೆ ಗೊತ್ತಾಯಿತು, ಅದು ಅಕ್ಷರದ ಬದಲು ಚಿತ್ರ ಮೂಡಿಸುವ ಫಾಂಟು. ಮೂಲೆಯಲ್ಲಿದ್ದ, ಉಳವಿಯವರು ಪರೀಕ್ಷೆಗೆ ಕೊಟ್ಟಿದ್ದ ಭತ್ತದ ಪುಟ್ಟ ಚೀಲದ ಮೇಲೂ ಗಂಟೆಯೇ ಇತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅವತ್ತು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೀಲಿಮಣೆಯ ಒಂದೊಂದೇ ಗುಂಡಿ ಒತ್ತಿ ಯಾವುದರಲ್ಲಿ ಏನಿದೆ ಎಂದು ಹುಡುಕಿದೆ. ಸೂರ್ಯ ಸಿಕ್ಕಿತು, ನಕ್ಷತ್ರ ಸಿಕ್ಕಿತು, ಉಳಿದ ಮೂರು ಮನೆಗಳ ಗುರುತಾದ ಹನಿ, ಬಾವುಟ, ಹೂವೂ ಸಿಕ್ಕವು. ಎಷ್ಟು ಹುಡುಕಿದರೂ ಏಣಿ ಸಿಗಲಿಲ್ಲ. ಏಣಿಯವರಿಗೆ ಕತ್ತರಿ ಕೊಟ್ಟೆ. ಕಂಬದ ಮೇಲಿನ ಲೇಬಲನ್ನು ಒಂದು ಸಲ ಒತ್ತಿದರೆ ಏಳೂ ಒಟ್ಟಿಗೆ ಹಿಡಿತಕ್ಕೆ ಬರುತ್ತವೆ, ತುಸು ತಡೆದು ಮತ್ತೊಮ್ಮೆ ಒತ್ತಿದರೆ ಆ ಒಂದೇ. ಹಾಗೆ ಒಂದೊಂದನ್ನೇ ಹಿಡಿದು, ಅದರಲ್ಲಿದ್ದುದನ್ನು ಅಳಿಸಿ, ಮನೆಯ ಗುರುತು ಹೊಡೆದೆ. ಭತ್ತ ಬಂದ ಕ್ರಮದಲ್ಲೇ ಹೋದೆ: ಮೊದಲು ಬಂದ ಸೂರ್ಯ ಮೊದಲ ಕಂಬಕ್ಕೆ, ನಮ್ಮ ನಕ್ಷತ್ರ ಎರಡನೆಯದಕ್ಕೆ, ಕೊನೆಗೆ ಬಂದ ಗಂಟೆ ಏಳನೆಯದಕ್ಕೆ. ಎಷ್ಟು ಮೊಳೆತವು ಎಂಬುದನ್ನು ಪಕ್ಕದ ಗೀಟುಗಳ ಅಂಕಿಯಿಂದ ತಿಳಿದುಕೊಳ್ಳಬಹುದು ಎಂದುಕೊಂಡೆ. ಅಮ್ಮ ಬಂದು ನೋಡಿ, "ಏಣಿಯೋರು ಬೇಜಾರ್ ಮಾಡ್ಕೋತಾರ ನೋಡು," ಎಂದಳು. ದೂರದಿಂದ ನೋಡಿದರೆ ಏಣಿಯ ಹಾಗೇ ಕಾಣುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಪಟ್ಟಿಯ ದಿನ ಬೆಳಿಗ್ಗೆ ಎಣಿಕೆ. ತನ್ನ ಗದ್ದೆಯ ಭತ್ತವೂ ಪರೀಕ್ಷೆಯಲ್ಲಿದೆ ಎಂದು ಅಪ್ಪ ಎಣಿಸುವ ಕೋಣೆಗೆ ಕಾಲಿಡುತ್ತಿರಲಿಲ್ಲ. ಆ ಕೆಲಸ ನನ್ನದು. ಪ್ರತಿ ಸುರುಳಿಗೂ ಮನೆಯ ಗುರುತು ಒತ್ತಿದ ಬಟ್ಟೆಯ ಚೂರು ಕಟ್ಟಿರುತ್ತಿತ್ತು, ಆದರೆ ಬಂದ ಕ್ರಮದಲ್ಲೇ ನಿಲ್ಲಿಸಿದ್ದರಿಂದ ನಾನು ಅದನ್ನು ನೋಡುವ ಗೋಜಿಗೂ ಹೋಗಲಿಲ್ಲ. ಒಂದನ್ನು ಬಿಚ್ಚುವುದು, ಎಣಿಸುವುದು, ಬಂದು ಒಂದು ಅಂಕಿ ತುಂಬುವುದು. ಏಳುನೂರು ಕಾಳು ಎಣಿಸಿದ ಮೇಲೆ ಯಾವ ಸುರುಳಿಗೆ ಎಷ್ಟು ಎಂಬುದು ತಲೆಯಲ್ಲಿ ನಿಂತಿರಲಿಲ್ಲ. ಕಂಪ್ಯೂಟರಿಗೆ ಕೊಟ್ಟಾಯಿತಲ್ಲ, ಇನ್ನು ನನಗೇಕೆ ಆ ಚಿಂತೆ ಎಂದುಕೊಂಡೆ.

ಹತ್ತು ಗಂಟೆಗೆ ಕರೆಂಟು ಹೋಗುವುದು ಗ್ಯಾರಂಟಿ. ಹತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ ಅಪ್ಪ ಬಾಗಿಲಲ್ಲಿ ನಿಂತು, ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಪರದೆ ನೋಡಿದ.

"ಇದೇನವ್ವ, ಒಂದು ಮ್ಯಾಲೆ ಒಂದು ಕೆಳಗೆ, ಹಲ್ಲು ಬಿದ್ದೋರ ಬಾಯಿ ಕಂಡಂಗ ಕಾಣ್ತೈತಿ. ದೊಡ್ಡದ್ರಿಂದ ಸಣ್ಣದಕ್ಕ ಸಾಲಾಗಿ ನಿಲ್ಸು."

ಅದಕ್ಕೇನು, ಒಂದೇ ಗುಂಡಿ. ಅಂಕಿಗಳನ್ನು ಹಿಡಿದು ಒತ್ತಿದೆ. ಕಂಬಗಳು ಮೆಟ್ಟಿಲಿನ ಹಾಗೆ ಇಳಿಜಾರಾಗಿ ನಿಂತವು. ತಕ್ಷಣ ಪ್ರಿಂಟರಿಗೆ ಕೊಟ್ಟೆ. ಅದು ಕಿರ್ ಕಿರ್ ಎಂದು ಗೋಳಾಡುತ್ತ ಕೊನೆಯ ಸಾಲು ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ನಾನು ಗೆದ್ದೆ ಎಂದು ಹಾಳೆ ಹಿಡಿದುಕೊಂಡು ಜಗುಲಿಗೆ ಓಡಿದೆ.

ಏಳೂ ಮನೆಯವರು ಬಂದು ಕೂತಿದ್ದರು. ಉಳವಿಯ ಯಜಮಾನರ ಕಾಲ ಬಳಿ ಈ ಸಲ ಬೀಜದ ದೊಡ್ಡ ಚೀಲವೇ ಇತ್ತು. ಪಟ್ಟಿಗೆ ಬಂದರೆ ಇಲ್ಲೇ ಬಿಟ್ಟು ಹೋಗುವುದು, ಬರದಿದ್ದರೆ ಅದೇ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಇಳಿಸುವುದು. ಅಂಟು ಹಚ್ಚಿ ಹಾಳೆಯನ್ನು ಗೋಡೆಗೆ ಹಾಕಿದೆ. ಎಂಬತ್ತೈದರ ಗೀಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಒಬ್ಬರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ತಮ್ಮ ತಮ್ಮ ಗುರುತನ್ನು ಹುಡುಕಿಕೊಂಡರು, ಕಂಬ ಕೆಂಪು ಗೆರೆ ದಾಟಿದೆಯೋ ಎಂದು ನೋಡಿದರು. ಓದು ಬಾರದವರೂ ಚಾರ್ಟು ಓದುತ್ತಿದ್ದಾರೆ ಎಂದು ನನ್ನ ಎದೆ ಉಬ್ಬಿತು.

ಎಲ್ಲಕ್ಕಿಂತ ಎತ್ತರದ ಕಂಬದ ಮೇಲೆ ಸೂರ್ಯ. ಈಸೂರಿನ ಹಿರಿಯರು ಮೀಸೆ ತೀಡಿದರು. "ನಾ ಏನ್ ಹೇಳಿದ್ದೆ? ಈಸೂರ ನೆಲ ಅಂದ್ರ ಸುಮ್ನ ಅಲ್ರಿ," ಎಂದು ಎದುರಿನ ಹೋಟೆಲಿಗೆ ಕೈ ತೋರಿಸಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಎರಡನೆಯದು ನಕ್ಷತ್ರ. ಅಪ್ಪ ಏನೂ ಆಗದವನ ಹಾಗೆ ನಿಂತಿದ್ದರೂ ಮುಖ ಹಿಗ್ಗಿತ್ತು. ಏಣಿಯವರು ಮಾತ್ರ, "ನಮ್ಮ ಏಣಿ ಹೆಂಗ ಕತ್ತರಿ ಆತ್ರಿ?" ಎಂದು ಎರಡು ಸಲ ಕೇಳಿದರು. ನಾನು ಕೇಳಿಸದವಳ ಹಾಗೆ ಇದ್ದೆ.

ಗಂಟೆ ಕೊನೆಯ ಕಂಬದ ಮೇಲಿತ್ತು. ಆ ಕಂಬ ಕೆಂಪು ಗೆರೆಗಿಂತ ಎಷ್ಟೋ ಕೆಳಗೆ, ಎಪ್ಪತ್ತರ ಗೀಟಿನ ಮೇಲೆ ಒಂದು ಚೂರು. ಅದನ್ನು ನೋಡಿ ನನ್ನ ಮನಸ್ಸು ಮುದುಡಿತು. ಅಂದು ಬಂದೇ ಬರುತ್ತದೆ ಎಂದಿದ್ದೆನಲ್ಲ.

ಗಂಟೆಯಮ್ಮ ಎದ್ದು ಬಂದರು. ಮಂಡಕ್ಕಿಯ ಪೊಟ್ಟಣವನ್ನು ಗಂಡನ ಕೈಗೆ ಕೊಟ್ಟು, ಕೊನೆಯ ಕಂಬದ ಮೇಲೆ ಬೆರಳಿಟ್ಟರು.

"ಇದು ನಮ್ದಲ್ಲ."

"ಗಂಟೆ ಇದೆಯಲ್ಲಮ್ಮ, ನಿಮ್ಮದೇ," ಎಂದೆ.

"ಗಂಟೆ ನಮ್ದೇ. ಕಂಬ ನಮ್ದಲ್ಲ."

ಅಲ್ಲಿಯವರೆಗೆ ಇದ್ದ ಮರುಕವೆಲ್ಲ ಹೋಗಿ ನನಗೆ ಸಿಟ್ಟು ಏರಿತು. "ಮನುಷ್ಯರು ತಪ್ಪು ಮಾಡ್ತಾರೆ, ಕಂಪ್ಯೂಟರ್ ಮಾಡಲ್ಲ," ಎಂದುಬಿಟ್ಟೆ. ಇಡೀ ಜಗುಲಿಗೆ ಕೇಳುವ ಹಾಗೆ ಹೇಳಿದೆ. ಇವತ್ತಿಗೂ ಆ ಮಾತು ನೆನಪಾದರೆ ಒಬ್ಬಳೇ ಇದ್ದರೂ ತಲೆ ತಗ್ಗಿಸುತ್ತೇನೆ.

ಅವರು ದನಿ ಏರಿಸಲಿಲ್ಲ. "ನಾನೂ ಮನೇಲಿ ನೂರು ಕಾಳು ಒದ್ದೆ ಬಟ್ಟೇಲಿ ಕಟ್ಟಿ ಇಟ್ಟಿದ್ದೆ. ನಾಕೋ ಐದೋ ಮೊಳೀಲಿಲ್ಲ, ಉಳಿದಿದ್ದೆಲ್ಲ ಎದ್ದಿದ್ವು. ಅದೇ ಬತ್ತ ಇಲ್ಲಿ ಹಿಂಗೆ ಆಗಲ್ಲ. ಸುರುಳಿ ತರ್ಸಿ, ಎಣ್ಸನ."

ಎಲ್ಲರೂ ಎದ್ದು ಹೋಗುವವರೆಗೆ ಸುರುಳಿಗಳನ್ನು ಎಸೆಯಬಾರದು ಎಂಬುದು ಅಪ್ಪನ ನಿಯಮ. ಅಪ್ಪ ತಾನೇ ಒಳಗೆ ಹೋಗಿ ಗಂಟೆಯ ಬಟ್ಟೆ ಕಟ್ಟಿದ್ದ ಸುರುಳಿಯನ್ನು ತಂದು ಜಗುಲಿಯ ನಡುವೆ ಬಿಚ್ಚಿದ. ಒದ್ದೆ ಗೋಣಿಯ ಮೇಲೆ ಬಿಳಿ ಮೊಳಕೆಗಳು ಒತ್ತೊತ್ತಾಗಿ ಮಲಗಿದ್ದವು. ನಾನು ಎಣಿಸಲು ಬಗ್ಗಿದೆ. ಆಗ ಉಳವಿಯ ಯಜಮಾನರು ಮಂಡಕ್ಕಿಯನ್ನು ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕುಕ್ಕುರುಗಾಲಿನಲ್ಲಿ ಕೂತರು.

"ಲಾಭ," ಎಂದರು. "ಎರಡು. ಮೂರು."

ಮೊಳೆತ ಒಂದೊಂದು ಕಾಳನ್ನೂ ಬೆರಳ ತುದಿಯಿಂದ ಆಚೆ ದಾಟಿಸುತ್ತ ಹೋದರು. ಅರವತ್ತಾಯಿತು. ಎಪ್ಪತ್ತಾಯಿತು. ಎಪ್ಪತ್ತೈದು ಎಂದಾಗ ಸೂರ್ಯದವರು ಮೆಣಸಿನಕಾಯಿ ಕಚ್ಚುವುದನ್ನು ನಿಲ್ಲಿಸಿದರು. ಎಂಬತ್ತೈದು ದಾಟಿದಾಗ ಅಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಹಾಳೆಯನ್ನು ನೋಡಿದೆ. ಸೂರ್ಯ, ನಕ್ಷತ್ರ, ಹನಿ, ಕತ್ತರಿ, ಬಾವುಟ, ಹೂವು, ಗಂಟೆ. ಅದು ಯಾರು ಹೆಚ್ಚು, ಯಾರು ಕಡಿಮೆ ಎಂಬ ಕ್ರಮವಲ್ಲ. ಯಾರು ಮೊದಲು ಬಂದರು, ಯಾರು ಕೊನೆಗೆ ಬಂದರು ಎಂಬ ಕ್ರಮ.

ಆಗ ತಪ್ಪು ಹೊಳೆಯಿತು. ಗುಂಡಿ ಒತ್ತಿದಾಗ ಅಂಕಿಗಳು ಜಾಗ ಬದಲಿಸಿದ್ದವು, ಅವುಗಳ ಜೊತೆ ಕಂಬಗಳೂ. ಆದರೆ ನಾನು ಕೈಯಾರೆ ಹೊಡೆದಿದ್ದ ಗುರುತುಗಳಿಗೆ ಆ ಅಂಕಿಗಳ ಜೊತೆ ಯಾವ ಸಂಬಂಧವೂ ಇರಲಿಲ್ಲ. ಅವು ಮೊದಲ ಕಂಬ, ಎರಡನೇ ಕಂಬ ಎಂದು ಜಾಗ ಹಿಡಿದು ನಿಂತಲ್ಲೇ ನಿಂತಿದ್ದವು. ಗುರುತುಗಳನ್ನೂ ಅಂಕಿಗಳ ಪಕ್ಕದ ಸಾಲಿನಲ್ಲಿ ಬರೆದುಕೊಂಡು, ಎರಡನ್ನೂ ಒಟ್ಟಿಗೆ ಹಿಡಿದು ಸಾಲು ಮಾಡಬೇಕು, ಲೇಬಲನ್ನು ಆ ಮನೆಗೇ ಕಟ್ಟಿಹಾಕಬೇಕು ಎಂಬುದನ್ನು ಮುಂದೆ ಕಲಿತೆ. ಕಲಿತ ಮೇಲೆ ಇಂದಿನವರೆಗೆ ಒಂದು ಲೇಬಲನ್ನೂ ಕೈಯಲ್ಲಿ ಹೊಡೆದಿಲ್ಲ.

"ತೊಂಬತ್ತಾರು," ಎಂದು ಉಳವಿಯ ಯಜಮಾನರು ಎದ್ದು ನಿಂತರು. ಮಂಡಕ್ಕಿ ತೆಗೆದುಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು.

"ತಪ್ಪಾತು. ತಪ್ಪು ಕಂಪ್ಯೂಟರಿಂದಲ್ಲ, ನಂದು," ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಅಪ್ಪನಿಗೊಬ್ಬನಿಗೆ ಗೊತ್ತು. ಆದರೆ ಹೇಳಿದ ಮೇಲೆ ಹಗುರವಾಯಿತು. ತೊಂಬತ್ತಾರು ಎಂಬ ಮಾತು ಕೇಳಿ ನನಗೆ ಆದ ಸಂತೋಷ ಆ ನಾಚಿಕೆಗಿಂತ ದೊಡ್ಡದಾಗಿತ್ತು.

ಉಳಿದ ಸುರುಳಿಗಳೂ ಹೊರಗೆ ಬಂದವು. ಈಗ ಅವರವರ ಸುರುಳಿಯನ್ನು ಅವರವರೇ ಎಣಿಸಿದರು, ಪಕ್ಕದವರು ಕಾವಲು ಕೂತರು. ಸೂರ್ಯದವರದು ಎಂಬತ್ತೆಂಟು. ಏಣಿಯವರದು ತೊಂಬತ್ತೊಂದು. ಎಪ್ಪತ್ತೊಂದರ ಆ ಕೊನೆಯ ಕಂಬ ಯಾರದು ಎಂದು ಎಲ್ಲರಿಗೂ ಕುತೂಹಲ. ಕೊನೆಗೆ ಉಳಿದದ್ದು ಒಂದೇ ಸುರುಳಿ, ಅದರ ಬಟ್ಟೆಯ ಮೇಲೆ ನಕ್ಷತ್ರ. ಅಪ್ಪ ಎಣಿಸಲು ಕೂತು ಅರ್ಧಕ್ಕೇ ನಗತೊಡಗಿದ. "ಬೀಜದ ಅಂಗಡಿಯವನ ಬತ್ತಾನೇ ನಪಾಸ್ ಆತಲ್ರಿ," ಎಂದ. ಜಗುಲಿಯೆಲ್ಲ ನಗು. ಒಳಗಿನಿಂದ ಅಮ್ಮನೂ ನಗುತ್ತಿದ್ದಳು.

ಕರೆಂಟು ಮಧ್ಯಾಹ್ನದವರೆಗೆ ಬರುವುದಿಲ್ಲ, ಬೇರೆ ಹಾಳೆ ಅಚ್ಚು ಹಾಕುವಂತಿಲ್ಲ. ಅಪ್ಪ ಚೀಲಕ್ಕೆ ಗುರುತು ಒತ್ತುವ ಕೆಮ್ಮಣ್ಣಿನ ಬೋಗುಣಿ ತಂದು ಹಾಳೆಯ ಕೆಳಗಿಟ್ಟ. ನಾನು ಹೊಡೆದಿದ್ದ ಚಿತ್ರಗಳ ಮೇಲೆಲ್ಲ ಗೀಟು ಹಾಕಿದೆ. ಒಬ್ಬೊಬ್ಬರೂ ಬಂದು ತಮ್ಮ ಕಂಬದ ನೆತ್ತಿಯ ಮೇಲೆ ಬೆರಳಿನಿಂದ ತಮ್ಮ ಗುರುತು ಬರೆದರು. ಏಣಿಯವರು ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು, ಬೇಕಾದದ್ದಕ್ಕಿಂತ ಎರಡು ಮೆಟ್ಟಿಲು ಜಾಸ್ತಿಯೇ ಇಟ್ಟು ಏಣಿ ಬರೆದರು. "ಈಗ ಆತು ನೋಡ್ರಿ," ಎಂದು ನನ್ನ ಮುಖ ನೋಡಿದರು. ಅಪ್ಪ ಕೊನೆಯ ಕಂಬದ ಮೇಲೆ ಪುಟ್ಟ ನಕ್ಷತ್ರ ಬರೆದ. ಗಂಟೆಯಮ್ಮ ಮೊದಲ ಕಂಬದ ತುದಿ ಎಟುಕದೆ ಹಿಮ್ಮಡಿ ಎತ್ತಿ ನಿಂತು ಗಂಟೆ ಬರೆದರು, ಒಳಗಿನ ನಾಲಗೆಯನ್ನೂ ಬಿಡಲಿಲ್ಲ. ನನ್ನ ಯಂತ್ರ ಮಾಡಿದ್ದಕ್ಕಿಂತ ಅದು ನೂರು ಪಾಲು ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಸಿಟ್ಟೇ ಬರಲಿಲ್ಲ.

"ತಿಂದ ಮಂಡಕ್ಕಿ ಯಾರೂ ವಾಪಸ್ ಕೊಡಂಗಿಲ್ಲ," ಎಂದರು ಸೂರ್ಯದವರು. ಮತ್ತೆ ನಗು. ಚಹಾ ಬಂತು. ಒಬ್ಬೊಬ್ಬರೇ ಏಳತೊಡಗಿದರು. ಸೂರ್ಯದವರೂ ಎದ್ದರು, ಆದರೆ ಹೊರಡಲಿಲ್ಲ. ಹೆಗಲಿನ ಟವೆಲ್ಲನ್ನು ತೆಗೆದು ಕೊಡವಿ, ಉಳವಿಯವರ ಚೀಲದ ಮುಂದೆ ಜಗುಲಿಯ ಮೇಲೆ ಹಾಸಿದರು.

"ನಮ್ಮ ಕೆರೆ ಕೆಳಗಿನ ಗದ್ದೀಗೆ ನಿಮ್ಮ ಬೀಜ ಹಾಕಿ ನೋಡ್ತೀನವ್ವ. ಐದು ಸೇರು ಕೊಡ್ರಿ. ಬತ್ತಕ್ಕ ಬತ್ತ ಕಳಿಸಿಕೊಡ್ತೀನಿ," ಎಂದರು.

ಗಂಟೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಬೆರಳಿನ ಕೆಮ್ಮಣ್ಣು ಕೆನ್ನೆಗೆ ಹತ್ತಿತು. ಗಂಡನ ಕಡೆ ನೋಡಿ ತಲೆಯಾಡಿಸಿದರು. ಯಜಮಾನರು ಚೀಲದ ಬಾಯಿಯ ಹೊಲಿಗೆ ಬಿಚ್ಚಿ, ನಮ್ಮ ಅಂಗಡಿಯ ಸೇರನ್ನು ಭತ್ತದೊಳಗೆ ತುರುಕಿ ತುಂಬಿಸಿ, ಟವೆಲ್ಲಿನ ಮೇಲೆ ಸುರಿದರು.

"ಲಾಭ," ಎಂದರು.